ಪುರುಷ ಜನನಾಂಗ ವ್ಯೂಹ: ರಚನೆ ಮತ್ತು ಕಾರ್ಯ

ಹೋರಿಯ ಬೀಜ ಒಡೆದರೆ ಅದು ಎತ್ತಾಗುತ್ತದೆಂಬುದು ರೈತರಿಗೆ ತಲೆಮಾರುಗಳಿಂದ ತಿಳಿದಿರುವ ಸಂಗತಿ. ಹೀಗೆ ಎತ್ತಾದ ಪಶುವಿನಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಕಂಡುಬರುತ್ತವೆ. ಅದು ಕರುಗಳನ್ನು ಹುಟ್ಟಿಸಲಾರದು. ಜೊತೆಗೆ ಅದರ ಸೊಕ್ಕಡಗಿ, ಗಂಡುಲಕ್ಷಣಗಳು ಕುಗ್ಗಿ, ನೊಗಕ್ಕೆ ಒಗ್ಗುವ ಸಾಧುಸ್ವಭಾವ ಬರುತ್ತದೆ. ಇವೆರಡೂ ಸದಾ ಜೊತೆಯಾಗಿಯೇ ಕಾಣಿಸಿಕೊಳ್ಳುವುದರಿಂದ ಸಂತಾನಶಕ್ತಿ ಹಾಗೂ ಪುರುಷತ್ವ ಒಂದೇ ಎಂಬ ಭಾವನೆ ಜನಮನದಲ್ಲಿ ಬೇರೂರಿದೆ. ಮಕ್ಕಳಾಗದ ಗಂಡಸನ್ನು ಷಂಡನೆಂದು ಹೀಗಳೆಯುವುದು, ವೀರ್ಯ ವ್ಯಯವಾದರೆ ದೇಹಬಲವೇ ಕುಂದುತ್ತದೆಂದು ಹದಿಹರೆಯದ ಹುಡುಗರು ಕೊರಗುವುದು, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಎತ್ತಿನ ಪಾಡಾಗುತ್ತದೆಂದು ಪುರುಷರು ಅಂಜುವುದು, ಇವೆಲ್ಲದರ ಮೂಲದಲ್ಲಿ ಇರುವುದು ಈ ಒಂದೇ ತಪ್ಪು ಗ್ರಹಿಕೆ.

ವಾಸ್ತವವಾಗಿ ವೃಷಣಗಳು ಎರಡು ಬೇರೆ ಬೇರೆ ಕಾರ್ಯಗಳನ್ನು ನಿರ್ವಹಿಸುತ್ತವೆ. ಆ ಕಾರ್ಯಗಳ ಫಲವು ಎರಡು ಬೇರೆ ಬೇರೆ ಮಾರ್ಗಗಳಲ್ಲಿ ಸಾಗುತ್ತದೆ. ಈ ಭೇದವನ್ನು ಅರಿತುಕೊಂಡರೆ ಪುರುಷ ಜನನಾಂಗಗಳ ರಚನೆಯೂ ಸುಲಭವಾಗಿ ಮನದಟ್ಟಾಗುತ್ತದೆ. ಅವುಗಳ ಬಗೆಗಿನ ಅನೇಕ ಭಯಗಳೂ ದೂರವಾಗುತ್ತವೆ.

ವೃಷಣಗಳ ಸ್ಥಾನ

ಪುರುಷನಲ್ಲಿ ಎರಡು ವೃಷಣಗಳಿರುತ್ತವೆ. ಅಂಡಾಕಾರದ ಈ ಗ್ರಂಥಿಗಳು ವಯಸ್ಕನಲ್ಲಿ ಸುಮಾರು 4ರಿಂದ 5 ಸೆಂಟಿಮೀಟರ್ ಉದ್ದವಿದ್ದು, ಶಿಶ್ನದ ಹಿಂಭಾಗದಲ್ಲಿ ತೂಗುವ ವೃಷಣಚೀಲದೊಳಗೆ ನೆಲೆಸಿರುತ್ತವೆ. ಒಂದು ವೃಷಣವು ಇನ್ನೊಂದಕ್ಕಿಂತ ತುಸು ಕೆಳಗೆ ತೂಗುವುದು, ಗಾತ್ರದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುವುದು ಸಹಜ. ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ.

ಗರ್ಭದಲ್ಲಿರುವ ಶಿಶುವಿನಲ್ಲಿ ವೃಷಣಗಳು ಮೊದಲು ರೂಪುಗೊಳ್ಳುವುದು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಸಮೀಪದಲ್ಲಿ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಅವು ತೊಡೆಸಂದಿನ ಕಾಲುವೆಯ ಮೂಲಕ ಕೆಳಗಿಳಿದು ಚೀಲವನ್ನು ಸೇರುತ್ತವೆ. ಇಷ್ಟು ಮುಖ್ಯವಾದ ಅಂಗಗಳು ಎಲುಬಿನ ರಕ್ಷಣೆಯಿಲ್ಲದೆ ದೇಹದ ಹೊರಗೆ ಇರುವುದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದಕ್ಕೆ ಉತ್ತರ ಉಷ್ಣತೆಯಲ್ಲಿದೆ. ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ವೀರ್ಯಾಣುಗಳು ಸರಿಯಾಗಿ ಬೆಳೆಯಬೇಕಾದರೆ ಅದಕ್ಕಿಂತ ಸುಮಾರು 2ರಿಂದ 3 ಡಿಗ್ರಿ ಕಡಿಮೆ ಉಷ್ಣತೆ ಅವಶ್ಯಕ.

ಈ ತಂಪನ್ನು ಕಾಪಾಡಲು ದೇಹದಲ್ಲಿ ತಕ್ಕ ಏರ್ಪಾಡಿದೆ. ಚಳಿಯಾದಾಗ ಚೀಲದ ಸ್ನಾಯುಗಳು ಸಂಕುಚಿಸಿ ವೃಷಣಗಳನ್ನು ದೇಹದ ಹತ್ತಿರಕ್ಕೆ ಸೆಳೆದುಕೊಳ್ಳುತ್ತವೆ. ಸೆಕೆಯಾದಾಗ ಸಡಿಲಗೊಂಡು ಕೆಳಕ್ಕೆ ಇಳಿಬಿಡುತ್ತವೆ. ವೃಷಣಕ್ಕೆ ರಕ್ತವನ್ನು ತರುವ ಅಪಧಮನಿಯನ್ನು ಅಭಿಧಮನಿಗಳ ಜಾಲವೊಂದು ಸುತ್ತಿಕೊಂಡಿರುತ್ತದೆ. ಹಿಂದಿರುಗುವ ತಂಪಾದ ರಕ್ತವು ಒಳಬರುವ ಬಿಸಿರಕ್ತದ ಶಾಖವನ್ನು ಹೀರಿಕೊಳ್ಳುತ್ತದೆ.

ಒಂದೇ ಅಂಗ, ಎರಡು ಕಾರ್ಯ

ವೃಷಣವನ್ನು ಅಡ್ಡವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರೊಳಗೆ ನೂರಾರು ಸಣ್ಣ ವಿಭಾಗಗಳೂ ಪ್ರತಿಯೊಂದು ವಿಭಾಗದಲ್ಲಿ ಸುರುಳಿಸುತ್ತಿಕೊಂಡ ಅತಿ ಸಣ್ಣ ನಳಿಕೆಗಳೂ ಕಾಣುತ್ತವೆ. ಒಂದು ವೃಷಣದ ನಳಿಕೆಗಳನ್ನೆಲ್ಲ ಬಿಡಿಸಿ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದರೆ ಅವು ನೂರಾರು ಮೀಟರ್ ಉದ್ದವಾಗುತ್ತವೆ. ವೀರ್ಯಾಣುಗಳು ಹುಟ್ಟುವುದು ಈ ನಳಿಕೆಗಳ ಒಳಗೋಡೆಯಲ್ಲಿ. ಬೆಳೆಯುತ್ತಿರುವ ವೀರ್ಯಾಣುಗಳಿಗೆ ಆಸರೆಯಾಗಿ ನಿಂತು ಪೋಷಣೆ ನೀಡುವ ಜೀವಕೋಶಗಳನ್ನು ಇಟಲಿಯ ಎನ್ರಿಕೊ ಸೆರ್ಟೋಲಿ ಎಂಬ ವಿಜ್ಞಾನಿಯು 1865ರಲ್ಲಿ ವಿವರಿಸಿದನು.

ನಳಿಕೆಗಳ ನಡುವಣ ಎಡೆಯಲ್ಲಿ ಮತ್ತೊಂದು ಬಗೆಯ ಜೀವಕೋಶಗಳಿವೆ. ಜರ್ಮನಿಯ ಫ್ರಾಂಜ್ ಲೈಡಿಗ್ ಎಂಬಾತನು 1850ರಲ್ಲಿ ಗುರುತಿಸಿದ ಇವು ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಗಡ್ಡಮೀಸೆ ಮೂಡುವುದು, ಧ್ವನಿ ಗಡುಸಾಗುವುದು, ಸ್ನಾಯು ಮತ್ತು ಎಲುಬುಗಳು ಬಲಿಯುವುದು, ಕಾಮಾಸಕ್ತಿ ಉಂಟಾಗುವುದು, ಇವು ಈ ಹಾರ್ಮೋನಿನ ಪ್ರಭಾವದ ಫಲ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ವೀರ್ಯಾಣುಗಳು ನಾಳದ ಮೂಲಕ ಹೊರಸಾಗುತ್ತವೆ. ಹಾರ್ಮೋನು ಯಾವ ನಾಳವನ್ನೂ ಅವಲಂಬಿಸದೆ ನೇರವಾಗಿ ರಕ್ತವನ್ನು ಸೇರಿ ದೇಹವನ್ನೆಲ್ಲ ತಲುಪುತ್ತದೆ. ಈ ಸತ್ಯವು ಮೊಟ್ಟಮೊದಲು ಸ್ಪಷ್ಟವಾದುದು ಹುಂಜಗಳ ಮೇಲೆ ನಡೆದ ಒಂದು ಪ್ರಯೋಗದಿಂದ. ಜರ್ಮನಿಯ ಗಟಿಂಗೆನ್ ನಗರದಲ್ಲಿ ಅರ್ನಾಲ್ಡ್ ಬರ್ತೋಲ್ಡ್ ಎಂಬ ವಿಜ್ಞಾನಿಯು 1849ರಲ್ಲಿ ಆರು ಎಳೆಯ ಹುಂಜಗಳನ್ನು ಆರಿಸಿಕೊಂಡನು. ವೃಷಣಗಳನ್ನು ಪೂರ್ತಿಯಾಗಿ ತೆಗೆದುಹಾಕಿದ ಹುಂಜಗಳಲ್ಲಿ ಕೆಂಪು ಜುಟ್ಟು ಬೆಳೆಯಲಿಲ್ಲ. ಅವು ಕಾದಾಡಲಿಲ್ಲ, ಹುಂಜದಂತೆ ಕೂಗಲೂ ಇಲ್ಲ. ಆದರೆ ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಕರುಳಿನ ನಡುವೆ ನೆಟ್ಟ ಹುಂಜಗಳು ಎಂದಿನಂತೆ ಜುಟ್ಟು ಬೆಳೆಸಿಕೊಂಡು, ಕೂಗಿ, ಕಾದಾಡಿದವು. ಅವನ್ನು ಕೊಯ್ದು ನೋಡಿದಾಗ ನೆಟ್ಟ ವೃಷಣಕ್ಕೆ ಹಳೆಯ ನರಗಳ ಸಂಪರ್ಕವಾಗಲಿ ನಾಳಗಳ ಸಂಪರ್ಕವಾಗಲಿ ಇರಲಿಲ್ಲ. ಹೊಸ ರಕ್ತನಾಳಗಳು ಮಾತ್ರ ಬೆಳೆದಿದ್ದವು. ಗಂಡುಲಕ್ಷಣಗಳನ್ನು ಉಂಟುಮಾಡುವ ವಸ್ತುವು ರಕ್ತದ ಮೂಲಕವೇ ಸಾಗುತ್ತದೆಂಬುದು ಇದರಿಂದ ಸಿದ್ಧವಾಯಿತು. ಮುಂದೆ 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಆ ವಸ್ತುವನ್ನು ಹೋರಿಗಳ ವೃಷಣಗಳಿಂದಲೇ ಶುದ್ಧರೂಪದಲ್ಲಿ ಬೇರ್ಪಡಿಸಿ ಅದಕ್ಕೆ ಟೆಸ್ಟೋಸ್ಟಿರೋನ್ ಎಂದು ಹೆಸರಿಟ್ಟರು.

ಹೋರಿಯ ಬೀಜ ಒಡೆದಾಗ ನಾಳ ಮತ್ತು ರಕ್ತ ಎಂಬ ಎರಡೂ ಮಾರ್ಗಗಳ ಮೂಲವೇ ನಾಶವಾಗುತ್ತದೆ. ಎತ್ತಿನಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಕಾಣಲು ಇದೇ ಕಾರಣ.

ವೃಷಣಗಳ ಈ ಎರಡೂ ಕಾರ್ಯಗಳನ್ನು ನಿಯಂತ್ರಿಸುವುದು ಮೆದುಳಿನ ತಳದಲ್ಲಿರುವ, ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ. ರಕ್ತದಲ್ಲಿ ಟೆಸ್ಟೋಸ್ಟಿರೋನ್ ಕಡಿಮೆಯಾದರೆ ಈ ಗ್ರಂಥಿಯು ವೃಷಣಗಳನ್ನು ಪ್ರಚೋದಿಸುತ್ತದೆ. ಹೆಚ್ಚಾದರೆ ಪ್ರಚೋದನೆಯನ್ನು ತಗ್ಗಿಸುತ್ತದೆ. ಮೈಕಟ್ಟು ಬೆಳೆಸಿಕೊಳ್ಳುವ ಆಸೆಯಿಂದ ವೈದ್ಯರ ಸಲಹೆಯಿಲ್ಲದೆ ಟೆಸ್ಟೋಸ್ಟಿರೋನ್ ಅಥವಾ ತತ್ಸಮಾನ ಸ್ಟೆರಾಯ್ಡುಗಳ ಚುಚ್ಚುಮದ್ದು ತೆಗೆದುಕೊಳ್ಳುವ ಯುವಕರು ಇದನ್ನು ತಿಳಿದಿರಬೇಕು. ಹೊರಗಿನಿಂದ ಬಂದ ಹಾರ್ಮೋನು ರಕ್ತದಲ್ಲಿ ತುಂಬಿದಾಗ ಪಿಟ್ಯುಟರಿಯು ವೃಷಣಗಳಿಗೆ ಕಳುಹಿಸುವ ಸೂಚನೆಯನ್ನು ನಿಲ್ಲಿಸಿಬಿಡುತ್ತದೆ. ಪರಿಣಾಮವಾಗಿ ವೃಷಣಗಳು ಕುಗ್ಗಿ, ವೀರ್ಯಾಣುಗಳ ಉತ್ಪಾದನೆ ತೀರ ಇಳಿಮುಖವಾಗಬಹುದು ಅಥವಾ ನಿಂತೇ ಹೋಗಬಹುದು.

ವೀರ್ಯಾಣುವಿನ ಹುಟ್ಟು ಮತ್ತು ಪಯಣ

ವೀರ್ಯಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು 1677ರಲ್ಲಿ ಲೋಕಕ್ಕೆ ತಿಳಿಸಿದವನು ಹಾಲೆಂಡಿನ ಆಂಟೋನಿ ವಾನ್ ಲೇವೆನ್‌ಹುಕ್. ಒಂದು ವೀರ್ಯಾಣುವಿನ ಉದ್ದ ಸುಮಾರು 0.05 ಮಿಲಿಮೀಟರ್. ಅದರ ತಲೆಯಲ್ಲಿ ತಂದೆಯಿಂದ ಮಗುವಿಗೆ ಬರುವ 23 ವರ್ಣತಂತುಗಳು ಅಡಕವಾಗಿರುತ್ತವೆ. ನಡುಭಾಗವು ಚಲನೆಗೆ ಬೇಕಾದ ಶಕ್ತಿಯನ್ನು ಒದಗಿಸುತ್ತದೆ. ಉದ್ದವಾದ ಬಾಲವು ಬಳುಕುತ್ತ ಅದನ್ನು ಮುಂದಕ್ಕೆ ನೂಕುತ್ತದೆ.

ಮೂಲ ಜೀವಕೋಶವೊಂದು ಹಲವು ಬಾರಿ ವಿಭಜನೆಗೊಂಡು ವೀರ್ಯಾಣುವಿನ ರೂಪ ತಾಳಲು ಸುಮಾರು 74 ದಿನಗಳು ಬೇಕು. ಪ್ರಾಯಕ್ಕೆ ಬಂದಂದಿನಿಂದ ಈ ಕಾರ್ಯವು ಎಡೆಬಿಡದೆ ನಡೆಯುತ್ತ, ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣುಗಳು ಸಿದ್ಧವಾಗುತ್ತವೆ. ವಯಸ್ಸಾದಂತೆ ಇದು ನಿಧಾನಗೊಂಡರೂ ಸ್ತ್ರೀಯರ ಮುಟ್ಟು ನಿಲ್ಲುವಂತೆ ಒಂದು ಹಂತದಲ್ಲಿ ಪೂರ್ಣವಾಗಿ ನಿಲ್ಲುವುದಿಲ್ಲ.

ವೃಷಣದಿಂದ ಹೊರಬಂದ ವೀರ್ಯಾಣು ಇನ್ನೂ ಅಪಕ್ವ. ಅದಕ್ಕೆ ಈಜಲು ಬಾರದು. ಅದು ಮೊದಲು ಸೇರುವುದು ವೃಷಣದ ಹಿಂಬದಿಗೆ ಅಂಟಿಕೊಂಡಿರುವ ಅಧಿವೃಷಣ ಅಥವಾ ಎಪಿಡಿಡಿಮಿಸ್ ಎಂಬ ಭಾಗವನ್ನು. ಬೆರಳಿನ ಉದ್ದಕ್ಕೂ ಕಡಿಮೆಯಿರುವ ಈ ಭಾಗದೊಳಗೆ ಸುಮಾರು 6 ಮೀಟರ್ ಉದ್ದದ ಒಂದೇ ನಳಿಕೆಯು ಒತ್ತೊತ್ತಾಗಿ ಮಡಿಚಿಕೊಂಡಿದೆ. ಇದರ ಮೂಲಕ ಹಲವು ದಿನ ನಿಧಾನವಾಗಿ ಸಾಗುವಾಗ ವೀರ್ಯಾಣುವು ಚಲನಶಕ್ತಿಯನ್ನು ಪಡೆದುಕೊಳ್ಳುತ್ತದೆ.

ಅಲ್ಲಿಂದ ಮುಂದಿನ ಮಾರ್ಗವೇ ವೀರ್ಯನಾಳ. ಪ್ರತಿಯೊಂದು ವೃಷಣದಿಂದಲೂ ಒಂದೊಂದರಂತೆ ಇರುವ ಈ ನಾಳವು ಸುಮಾರು 45 ಸೆಂಟಿಮೀಟರ್‌ವರೆಗೆ ಉದ್ದವಿದ್ದು, ದಪ್ಪ ದಾರದಂತೆ ಗಟ್ಟಿಯಾಗಿರುತ್ತದೆ. ವೃಷಣಚೀಲದ ತೊಗಲಿನ ಅಡಿಯಲ್ಲಿ ಇದನ್ನು ವೈದ್ಯರು ಬೆರಳಿನಿಂದಲೇ ಗುರುತಿಸಬಲ್ಲರು. ಚೀಲದಿಂದ ಮೇಲೇರಿ, ತೊಡೆಸಂದಿನ ಮೂಲಕ ಹೊಟ್ಟೆಯೊಳಗೆ ಹೊಕ್ಕು, ಮೂತ್ರಾಶಯವನ್ನು ಬಳಸಿಕೊಂಡು ಅದರ ಹಿಂಭಾಗವನ್ನು ಇದು ತಲುಪುತ್ತದೆ.

ವೀರ್ಯ ಎಂದರೇನು?

ವೀರ್ಯಾಣು ಮತ್ತು ವೀರ್ಯ ಒಂದೇ ಅಲ್ಲ. ವೀರ್ಯವು ಹಲವು ಗ್ರಂಥಿಗಳ ಸ್ರಾವಗಳು ಸೇರಿ ಆದ ದ್ರವ. ಮೂತ್ರಾಶಯದ ಹಿಂದೆ ಇರುವ ಎರಡು ವೀರ್ಯಕೋಶಗಳು ಅದರ ಮೂರನೆಯ ಎರಡು ಭಾಗದಷ್ಟನ್ನು ಒದಗಿಸುತ್ತವೆ. ಈ ಸ್ರಾವದಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆಯು ವೀರ್ಯಾಣುಗಳಿಗೆ ಆಹಾರ. ಮೂತ್ರಾಶಯದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿಯು ಸುಮಾರು ಕಾಲುಭಾಗದಷ್ಟನ್ನು ಕೂಡಿಸುತ್ತದೆ. ಹೊರಬಂದೊಡನೆ ಗಟ್ಟಿಯಾಗುವ ವೀರ್ಯವು ಸ್ವಲ್ಪ ಹೊತ್ತಿನ ಬಳಿಕ ನೀರಾಗುವುದು ಪ್ರಾಸ್ಟೇಟಿನ ಸ್ರಾವದಿಂದ. ಬಟಾಣಿ ಕಾಳಿನಷ್ಟಿರುವ ಕೌಪರ್ ಗ್ರಂಥಿಗಳು ಮೂತ್ರನಾಳವನ್ನು ನುಣುಪುಗೊಳಿಸುವ ಲೋಳೆಯನ್ನು ಸ್ರವಿಸುತ್ತವೆ. ವೃಷಣ ಮತ್ತು ಅಧಿವೃಷಣಗಳಿಂದ ಬರುವ, ವೀರ್ಯಾಣುಗಳುಳ್ಳ ಭಾಗವು ಒಟ್ಟು ವೀರ್ಯದ ಶೇಕಡಾ 5ರಷ್ಟು ಮಾತ್ರ. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು.

ವೀರ್ಯನಾಳ ಮತ್ತು ವೀರ್ಯಕೋಶದ ನಾಳಗಳು ಕೂಡಿ, ಪ್ರಾಸ್ಟೇಟಿನ ಮೂಲಕ ಹಾದು ಮೂತ್ರನಾಳವನ್ನು ಸೇರುತ್ತವೆ. ಅಲ್ಲಿಂದ ಶಿಶ್ನದ ತುದಿಯವರೆಗೆ ಮೂತ್ರಕ್ಕೂ ವೀರ್ಯಕ್ಕೂ ದಾರಿ ಒಂದೇ. ಆದರೆ ವೀರ್ಯಸ್ಖಲನದ ವೇಳೆ ಮೂತ್ರಾಶಯದ ಕಂಠವು ಬಿಗಿಯಾಗಿ ಮುಚ್ಚಿಕೊಳ್ಳುವುದರಿಂದ ಎರಡೂ ಬೆರೆಯುವುದಿಲ್ಲ.

ಶಿಶ್ನದಲ್ಲಿ ಎಲುಬಿಲ್ಲ. ಅದರೊಳಗೆ ಸ್ಪಂಜಿನಂಥ ಅಂಗಾಂಶದ ಮೂರು ಕಂಬಗಳಿವೆ. ಕಾಮೋದ್ರೇಕವಾದಾಗ ನರಗಳ ಪ್ರಚೋದನೆಯಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ರಕ್ತನಾಳಗಳು ಹಿಗ್ಗುತ್ತವೆ. ರಕ್ತವು ಕಂಬಗಳಲ್ಲಿ ತುಂಬಿ, ಹಿಂದಿರುಗುವ ದಾರಿ ಒತ್ತಲ್ಪಟ್ಟು, ಶಿಶ್ನವು ನಿಮಿರುತ್ತದೆ. ಹೀಗೆ ನಿಮಿರುವಿಕೆಯು ಮುಖ್ಯವಾಗಿ ರಕ್ತನಾಳ ಮತ್ತು ನರಗಳ ಕಾರ್ಯ. ಆದುದರಿಂದಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನಗಳು ಇದಕ್ಕೆ ಅಡ್ಡಿಯನ್ನುಂಟುಮಾಡುತ್ತವೆ. ನಡುವಯಸ್ಸಿನಲ್ಲಿ ಈ ತೊಂದರೆ ಕಾಣಿಸಿಕೊಂಡರೆ ಅದು ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದು. ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು.

ಹದಿಹರೆಯದ ಭಯಗಳು

ಪ್ರಾಯಕ್ಕೆ ಬರುವ ಹುಡುಗರಲ್ಲಿ ನಿದ್ರೆಯಲ್ಲಿ ವೀರ್ಯಸ್ಖಲನವಾಗುವುದು ಸರ್ವಸಾಮಾನ್ಯ. ಇದು ರೋಗವಲ್ಲ, ಅಂಗಗಳು ಕಾರ್ಯ ಆರಂಭಿಸಿರುವುದರ ಕುರುಹು. ರಕ್ತದ ಅನೇಕ ಹನಿಗಳು ಸೇರಿ ವೀರ್ಯದ ಒಂದು ಹನಿಯಾಗುತ್ತದೆ, ಅದು ನಷ್ಟವಾದರೆ ದೇಹ ಸೊರಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಈ ನಂಬಿಕೆಯಿಂದ ಹುಟ್ಟುವ ಆಯಾಸ, ಖಿನ್ನತೆ, ನಿದ್ರಾಹೀನತೆಗಳನ್ನು ಕಂಡ ಮನೋವೈದ್ಯ ಡಾ. ಎನ್.ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಸಿದರು. ಇಲ್ಲಿ ಬಾಧಿಸುವುದು ವೀರ್ಯದ ನಷ್ಟವಲ್ಲ, ಅದರ ಕುರಿತ ಭಯ. ವೀರ್ಯವು ಬಹುಪಾಲು ನೀರು. ಒಮ್ಮೆ ಹೊರಬರುವುದು ಒಂದು ಚಮಚಕ್ಕಿಂತ ಕಡಿಮೆ. ಅದನ್ನು ದೇಹವು ಮತ್ತೆ ಮತ್ತೆ ತಯಾರಿಸುತ್ತಲೇ ಇರುತ್ತದೆ. ಬಲವನ್ನು ಕೊಡುವ ಹಾರ್ಮೋನು ಈ ದ್ರವದೊಡನೆ ವ್ಯಯವಾಗಿ ಹೋಗುವುದಿಲ್ಲ. ಅದರ ದಾರಿ ರಕ್ತ.

ದೊಡ್ಡ ನಗರಗಳಲ್ಲಿ ರೈಲುಹಳಿಗಳ ಬದಿಯ ಗೋಡೆಗಳ ಮೇಲೆ ಗುಪ್ತರೋಗಗಳಿಗೆ ಖಚಿತ ಪರಿಹಾರವೆಂಬ ಬರಹಗಳನ್ನು ಕಾಣದವರಿಲ್ಲ. ಊರು ಬಿಟ್ಟು ಒಂಟಿಯಾಗಿ ದುಡಿಯುವ ಯುವಕರು ಇಂಥವಕ್ಕೆ ಸುಲಭವಾಗಿ ಬಲಿಬಿದ್ದು ದುಡಿದ ಹಣವನ್ನು ಕಳೆದುಕೊಳ್ಳುತ್ತಾರೆ. ಲೈಂಗಿಕ ಶಕ್ತಿಯನ್ನು ಹೆಚ್ಚಿಸುವ ಔಷಧಗಳೆಂದು ಜಾಹೀರಾತು ನೀಡುವುದನ್ನು 1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ ಕುರಿತ ಕಾಯಿದೆಯು ನಿಷೇಧಿಸಿದೆ.

ಗಂಡೋ ಹೆಣ್ಣೋ

ಹೆಣ್ಣುಮಕ್ಕಳನ್ನೇ ಹೆರುತ್ತಾಳೆಂದು ಸೊಸೆಯನ್ನು ದೂಷಿಸುವ ಮನೆಗಳು ಇಂದಿಗೂ ಇವೆ. ವಿಜ್ಞಾನ ಹೇಳುವುದು ಬೇರೆ. ಸ್ತ್ರೀಯ ಪ್ರತಿಯೊಂದು ಅಂಡಾಣುವಿನಲ್ಲಿಯೂ ಇರುವುದು ಎಕ್ಸ್ ಎಂಬ ಲಿಂಗ ವರ್ಣತಂತು. ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ಎಕ್ಸ್ ವರ್ಣತಂತುವನ್ನೂ ಉಳಿದರ್ಧ ವೈ ವರ್ಣತಂತುವನ್ನೂ ಹೊತ್ತಿರುತ್ತವೆ. ಎಕ್ಸ್ ಹೊತ್ತ ವೀರ್ಯಾಣು ಅಂಡಾಣುವನ್ನು ಸೇರಿದರೆ ಹೆಣ್ಣುಮಗು, ವೈ ಹೊತ್ತದ್ದು ಸೇರಿದರೆ ಗಂಡುಮಗು. ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿಯು 1905ರಲ್ಲಿಯೇ ಹಿಟ್ಟಿನ ಹುಳುವಿನ ಅಧ್ಯಯನದಿಂದ ಗಂಡಿನ ಈ ಪಾತ್ರವನ್ನು ತೋರಿಸಿಕೊಟ್ಟರು. ಯಾವ ವೀರ್ಯಾಣು ಮೊದಲು ತಲುಪುತ್ತದೆಂಬುದು ಆಕಸ್ಮಿಕ. ಅದು ತಂದೆಯ ಇಚ್ಛೆಗೂ ಒಳಪಟ್ಟದ್ದಲ್ಲ. ಹೀಗಿರುವಾಗ ತಾಯಿಯನ್ನು ಹೊಣೆಗಾರಳನ್ನಾಗಿ ಮಾಡುವುದು ಅನ್ಯಾಯ. ಗರ್ಭದಲ್ಲಿರುವ ಶಿಶುವಿನ ಲಿಂಗವನ್ನು ಪತ್ತೆಮಾಡುವುದು ಮತ್ತು ತಿಳಿಸುವುದು 1994ರ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ.

ಮಕ್ಕಳಾಗದಿದ್ದಾಗ

ಕನ್ನಡದಲ್ಲಿ ಬಂಜೆ ಎಂಬ ಪದವಿದೆ. ಗಂಡಸಿಗೆ ಅದಕ್ಕೆ ಸಮನಾದ ಮಾತು ಬಳಕೆಯಲ್ಲಿಲ್ಲ. ಷಂಡ ಎಂಬ ಮಾತು ಸೂಚಿಸುವುದು ಸಂಭೋಗದ ಅಸಾಮರ್ಥ್ಯವನ್ನು. ಆದರೆ ಸಂಭೋಗದಲ್ಲಿ ಯಾವ ಕೊರತೆಯೂ ಇಲ್ಲದ, ಗಡ್ಡಮೀಸೆ ಹೊತ್ತ ದೃಢಕಾಯನ ವೀರ್ಯದಲ್ಲಿಯೂ ವೀರ್ಯಾಣುಗಳು ಕಡಿಮೆಯಿರಬಹುದು ಅಥವಾ ಇಲ್ಲದಿರಬಹುದು. ಹಾರ್ಮೋನಿನ ಮಾರ್ಗ ಸುಗಮವಾಗಿದ್ದು, ವೀರ್ಯಾಣುಗಳ ಮಾರ್ಗದಲ್ಲಿ ಮಾತ್ರ ದೋಷವಿರುವ ಸಂದರ್ಭ ಇದು. ಸಂತಾನಹೀನ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವು ಒಂಟಿಯಾಗಿ ಇಲ್ಲವೆ ಸ್ತ್ರೀಯ ಕಾರಣದೊಡನೆ ಸೇರಿ ಇರುತ್ತದೆ.

ಒಂದು ವರ್ಷ ಯಾವ ನಿರೋಧವೂ ಇಲ್ಲದೆ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಪತಿಪತ್ನಿಯರಿಬ್ಬರೂ ತಪಾಸಣೆಗೆ ಹೋಗಬೇಕು. ಪತ್ನಿಯನ್ನು ನಾನಾ ಪರೀಕ್ಷೆಗಳಿಗೆ ಗುರಿಪಡಿಸುವ ಮುನ್ನ ಪತಿಯ ವೀರ್ಯಪರೀಕ್ಷೆ ನಡೆಯುವುದು ಉಚಿತ. ಅದು ನೋವಿಲ್ಲದ, ಕಡಿಮೆ ವೆಚ್ಚದ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯ ಪ್ರಕಾರ ವೀರ್ಯದ ಪ್ರಮಾಣಕ್ಕೆ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ ವೀರ್ಯಾಣುಗಳ ಸಂಖ್ಯೆಗೆ 160 ಲಕ್ಷ, ಚಲನೆಯುಳ್ಳ ವೀರ್ಯಾಣುಗಳಿಗೆ ಶೇಕಡಾ 42, ಇವು ಕೆಳಗಣ ಮಿತಿಗಳು. ಫಲಿತಾಂಶವು ಇದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಕ್ಕಳಾಗುವುದಿಲ್ಲವೆಂದು ಅರ್ಥವಲ್ಲ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ವೀರ್ಯಾಣು ಸಿದ್ಧವಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯುವುದರಿಂದ, ಹಿಂದೆ ಬಂದ ತೀವ್ರ ಜ್ವರದ ಪರಿಣಾಮವು ಇಂದಿನ ಪರೀಕ್ಷೆಯಲ್ಲಿ ತೋರಬಹುದು. ಹಾಗೆಯೇ ತಂಬಾಕು, ಮದ್ಯಗಳನ್ನು ತ್ಯಜಿಸಿದ ಸತ್ಫಲವೂ ಸುಮಾರು ಮೂರು ತಿಂಗಳ ತರುವಾಯವೇ ಕಾಣುತ್ತದೆ.

ಪ್ರಾಯಕ್ಕೆ ಬಂದ ಮೇಲೆ ತಗುಲುವ ಮಂಗನಬಾವು, ಲೈಂಗಿಕ ಸೋಂಕುಗಳು, ವೃಷಣದ ಅಭಿಧಮನಿಗಳು ಉಬ್ಬಿಕೊಳ್ಳುವ ವೆರಿಕೋಸೀಲ್ ಎಂಬ ತೊಂದರೆ, ನಾಳಗಳಲ್ಲಿ ತಡೆ, ಇವು ಸಾಮಾನ್ಯ ಕಾರಣಗಳಲ್ಲಿ ಕೆಲವು. ಇವುಗಳಲ್ಲಿ ಅನೇಕವಕ್ಕೆ ಚಿಕಿತ್ಸೆಯುಂಟು.

ಪುರುಷರ ಶಸ್ತ್ರಚಿಕಿತ್ಸೆ

ವ್ಯಾಸೆಕ್ಟಮಿ ಎಂದು ಕರೆಯಲ್ಪಡುವ ಪುರುಷ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಲ್ಲಿ ವೃಷಣಗಳನ್ನು ಮುಟ್ಟುವುದೇ ಇಲ್ಲ. ಎರಡು ವೀರ್ಯನಾಳಗಳನ್ನು ಮಾತ್ರ ಕತ್ತರಿಸಿ ಕಟ್ಟಲಾಗುತ್ತದೆ. ಎರಡು ಮಾರ್ಗಗಳಲ್ಲಿ ಒಂದು ಮುಚ್ಚಿತು. ಇನ್ನೊಂದು ಎಂದಿನಂತೆ ತೆರೆದಿರುತ್ತದೆ. ಟೆಸ್ಟೋಸ್ಟಿರೋನ್ ರಕ್ತವನ್ನು ಸೇರುತ್ತಲೇ ಇರುತ್ತದೆ. ವೀರ್ಯಾಣುಗಳು ಹುಟ್ಟಿದರೂ ಹೊರಬರಲು ದಾರಿಯಿಲ್ಲದೆ ದೇಹದಲ್ಲಿಯೇ ಲೀನವಾಗುತ್ತವೆ. ವೀರ್ಯದ ಬಹುಭಾಗ ಬೇರೆ ಗ್ರಂಥಿಗಳಿಂದ ಬರುವುದರಿಂದ ಅದರ ಪ್ರಮಾಣದಲ್ಲಿ ಗಮನಕ್ಕೆ ಬರುವಂಥ ವ್ಯತ್ಯಾಸವಿರುವುದಿಲ್ಲ. ಹೋರಿಯ ಬೀಜ ಒಡೆಯುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ದುಡಿಯುವ ಶಕ್ತಿ, ಕಾಮಾಸಕ್ತಿ, ನಿಮಿರುವಿಕೆ, ಇವು ಯಾವುವೂ ಕುಗ್ಗುವುದಿಲ್ಲ.

ಚೀನಾದ ಡಾ. ಲಿ ಶುನ್‌ಚಿಯಾಂಗ್ ಅವರು 1974ರಲ್ಲಿ ರೂಪಿಸಿದ, ಚಾಕುವಿನ ಗಾಯವಿಲ್ಲದ ವಿಧಾನವು ಈಗ ನಮ್ಮ ದೇಶದಲ್ಲಿಯೂ ರೂಢಿಯಲ್ಲಿದೆ. ಆ ಭಾಗವನ್ನಷ್ಟೇ ಮರಗಟ್ಟಿಸಿ, ಸಣ್ಣದೊಂದು ರಂಧ್ರದ ಮೂಲಕ ನಾಳವನ್ನು ಎತ್ತಿ ಕತ್ತರಿಸಲಾಗುತ್ತದೆ. ಹೊಲಿಗೆ ಬೇಕಾಗುವುದಿಲ್ಲ, ಅದೇ ದಿನ ಮನೆಗೆ ಹಿಂದಿರುಗಬಹುದು. ಹೊಟ್ಟೆಯನ್ನು ತೆರೆದು ನಡೆಸುವ ಸ್ತ್ರೀಯರ ಶಸ್ತ್ರಚಿಕಿತ್ಸೆಗಿಂತ ಇದು ಸರಳ ಮತ್ತು ಕಡಿಮೆ ಅಪಾಯದ್ದು. ಹೀಗಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ತಾವೇ ಶಸ್ತ್ರಚಿಕಿತ್ಸೆಗೆ ಒಳಗಾದವರು ಶೇಕಡಾ 37.9, ಪತಿಯ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಶೇಕಡಾ 0.3 ಮಾತ್ರ. 1975-77ರ ತುರ್ತುಪರಿಸ್ಥಿತಿಯ ಕಾಲದಲ್ಲಿ ನಡೆದ ಬಲವಂತದ ಕಹಿ ನೆನಪು ಈ ಹಿಂಜರಿಕೆಗೆ ಒಂದು ಕಾರಣವಾದರೆ, ಎತ್ತಿನ ಪಾಡಿನ ಭಯವು ಇನ್ನೊಂದು. ಶಸ್ತ್ರಚಿಕಿತ್ಸೆಯು ಸ್ವಂತ ಒಪ್ಪಿಗೆಯಿಂದಲೇ ಆಗಬೇಕಾದ ಕಾರ್ಯ. ಆದರೆ ಆ ನಿರ್ಧಾರಕ್ಕೆ ತಪ್ಪು ತಿಳಿವಳಿಕೆ ಆಧಾರವಾಗಬಾರದು.

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಶಸ್ತ್ರಚಿಕಿತ್ಸೆಯ ಫಲ ತಕ್ಷಣವೇ ದೊರೆಯುವುದಿಲ್ಲ. ನಾಳದ ಮುಂದಿನ ಭಾಗದಲ್ಲಿ ಉಳಿದ ವೀರ್ಯಾಣುಗಳು ತೀರುವವರೆಗೆ, ಅಂದರೆ ಸುಮಾರು ಮೂರು ತಿಂಗಳು, ನಿರೋಧ್ ಮೊದಲಾದ ಬೇರೆ ವಿಧಾನವನ್ನು ಬಳಸಬೇಕು. ವೀರ್ಯಪರೀಕ್ಷೆಯಲ್ಲಿ ವೀರ್ಯಾಣುಗಳಿಲ್ಲವೆಂದು ಖಚಿತವಾದ ಮೇಲಷ್ಟೇ ಅದನ್ನು ಬಿಡಬಹುದು. ಈ ಪರೀಕ್ಷೆಯನ್ನು ಮಾಡಿಸದೆ, ಮುಂದೆ ಗರ್ಭ ನಿಂತಾಗ ಪತ್ನಿಯ ಶೀಲವನ್ನು ಶಂಕಿಸಿದ ಪ್ರಸಂಗಗಳೂ ಉಂಟು. ಕತ್ತರಿಸಿದ ನಾಳವನ್ನು ಮರಳಿ ಜೋಡಿಸುವುದು ಸಾಧ್ಯವಿದ್ದರೂ ಯಶಸ್ಸು ಖಚಿತವಿಲ್ಲದ ಕಾರಣ ಇದನ್ನು ಶಾಶ್ವತವೆಂದೇ ಪರಿಗಣಿಸಬೇಕು. ಎಚ್.ಐ.ವಿ. ಮುಂತಾದ ಸೋಂಕುಗಳಿಂದ ಇದು ರಕ್ಷಣೆ ನೀಡುವುದಿಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮಗುವಿಗೆ ಆರು ತಿಂಗಳು ತುಂಬಿದರೂ ವೃಷಣಗಳು ಚೀಲಕ್ಕೆ ಇಳಿಯದಿದ್ದರೆ ಮಕ್ಕಳ ಶಸ್ತ್ರವೈದ್ಯರಿಗೆ ತೋರಿಸಬೇಕು. ದೇಹದ ಬಿಸಿಯಲ್ಲಿಯೇ ಉಳಿದ ವೃಷಣವು ಮುಂದೆ ಸಂತಾನಶಕ್ತಿಯನ್ನು ಕಳೆದುಕೊಳ್ಳುವ, ಕ್ಯಾನ್ಸರಿಗೆ ತುತ್ತಾಗುವ ಸಂಭವ ಹೆಚ್ಚು.

ಹುಡುಗರಲ್ಲಾಗಲಿ ಯುವಕರಲ್ಲಾಗಲಿ ಒಂದು ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಕಾಣಿಸಿಕೊಂಡರೆ, ವೃಷಣವು ತಿರುಚಿಕೊಂಡು ರಕ್ತಸಂಚಾರ ನಿಂತಿರಬಹುದು. ಸುಮಾರು 6 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ನಡೆದರೆ ವೃಷಣ ಉಳಿಯುವ ಭರವಸೆಯಿದೆ. ನಾಚಿಕೆಯಿಂದ ಬೆಳಗಿನವರೆಗೆ ಕಾಯುವ ಹುಡುಗನು ಅದನ್ನು ಕಳೆದುಕೊಳ್ಳಬಹುದು. ಹೊಟ್ಟೆನೋವೆಂದಷ್ಟೇ ಹೇಳುವ ಹುಡುಗನನ್ನು ತಾಯಿತಂದೆಯರು ಬಿಡಿಸಿ ಕೇಳಬೇಕು.

ನೋವಿಲ್ಲದ ಗಂಟು ಅಥವಾ ವೃಷಣ ಗಡುಸಾಗುವುದು ಕ್ಯಾನ್ಸರಿನ ಲಕ್ಷಣವಿರಬಹುದು. ಇದು ಹೆಚ್ಚಾಗಿ ಯುವಕರಲ್ಲಿ ಕಾಣುತ್ತದೆ. ಬೇಗ ಪತ್ತೆಯಾದರೆ ಬಹುಪಾಲು ಗುಣವಾಗುತ್ತದೆ. ಚೀಲವು ನೀರು ತುಂಬಿ ಊದಿಕೊಳ್ಳುವ ಹೈಡ್ರೋಸೀಲ್ ಆನೆಕಾಲು ರೋಗದ ಸೋಂಕಿನಿಂದಲೂ ಬರಬಹುದು. ಅದಕ್ಕೆ ಸರಳ ಶಸ್ತ್ರಚಿಕಿತ್ಸೆ ಇದೆ. ಐವತ್ತು ದಾಟಿದವರಲ್ಲಿ ಮೂತ್ರದ ಧಾರೆ ಸಣ್ಣದಾಗುವುದು, ರಾತ್ರಿ ಪದೇ ಪದೇ ಏಳಬೇಕಾಗುವುದು ಪ್ರಾಸ್ಟೇಟ್ ಊದಿಕೊಂಡಿರುವುದರ ಸೂಚನೆ. ಇದು ಬಹುತೇಕ ಕ್ಯಾನ್ಸರ್ ಅಲ್ಲ. ಆದರೂ ಪರೀಕ್ಷೆ ಅಗತ್ಯ.

ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರು ಬೇರೆ ಭಾಷೆಯ ವೈದ್ಯರೆದುರು ಇಂಥ ವಿಷಯಗಳನ್ನು ಹೇಳಿಕೊಳ್ಳಲು ಎರಡು ಪಟ್ಟು ಸಂಕೋಚಪಡುವುದುಂಟು. ಪ್ರಾಸ್ಟೇಟ್, ಹೈಡ್ರೋಸೀಲ್, ವ್ಯಾಸೆಕ್ಟಮಿ ಮೊದಲಾದ ಹೆಸರುಗಳು ಮುಂಬಯಿಯಲ್ಲಿಯೂ ಚೆನ್ನೈಯಲ್ಲಿಯೂ ದೆಹಲಿಯಲ್ಲಿಯೂ ಒಂದೇ. ಮನೆಯೊಳಗೆ ಕನ್ನಡದಲ್ಲಿಯೂ ಆಸ್ಪತ್ರೆಯಲ್ಲಿ ಈ ಹೆಸರುಗಳಿಂದಲೂ ಮಾತು ಆರಂಭಿಸಬಹುದು. ಕಣ್ಣು, ಕಿವಿ, ಹೃದಯಗಳಂತೆ ಇವೂ ದೇಹದ ಅಂಗಗಳು. ಅವುಗಳ ಹೆಸರನ್ನು ನೇರವಾಗಿ ಹೇಳುವ ತಂದೆಯ ಮಗನು, ರಾತ್ರಿಯ ವೇಳೆ ನೋವು ಬಂದಾಗ ತಂದೆಯನ್ನು ಎಬ್ಬಿಸಲು ಹಿಂಜರಿಯುವುದಿಲ್ಲ.